ಬಡತನ ಸಾಲದ ಮನೆ

ಭಿಕಾಜಿ ಘೋಲಪನ ಮನೆ ಸಿನಿಮಾಕ್ಕೆ ಆಯ್ಕೆಯಾದಾಗ ಅದರಲ್ಲಿ ಇದ್ದ ದೋಷ ಒಂದೇ: ಬಡತನ ಸಾಲದು. ಮುಂಬಯಿಯ ಆ ಕೊಳೆಗೇರಿಯ ಮನೆಗಳನ್ನೆಲ್ಲ ಸುತ್ತಿ ಸುಸ್ತಾಗಿದ್ದ ಲಂಡನ್ನಿನ ನಿರ್ದೇಶಕ ಆಲಿವರ್ ಸಾಹೇಬ ಒಳಗೆ ಬಂದವನೇ ಕಿಟಕಿಯಿಲ್ಲದ ಗೋಡೆ ನೋಡಿ ಕುಣಿದಾಡಿದ, ಫ್ರಿಜ್ ನೋಡಿ ಮುಖ ಸಿಂಡರಿಸಿದ. ಫ್ರಿಜ್ ಹೋಯಿತು. ಟೀವಿ ಹೋಯಿತು. ಹೆಂಡತಿ ಇಂದುಮತಿ ಹುಣಿಸೆಹಣ್ಣು ಹಾಕಿ ತಿಕ್ಕಿಟ್ಟಿದ್ದ ಪಾತ್ರೆಗಳು ಹೋಗಿ ಯಾರದೋ ಸೊಟ್ಟ ತಪ್ಪಲೆಗಳು ಬಂದವು. ಕೊನೆಗೆ ಗೋಡೆಗೆ ಮಸಿಯನ್ನೂ ಬಳಿದರು.

"ಸುಣ್ಣ ಬಳಿಯೋಕೆ ಒಬ್ಬ ಬರ್ಲಿಲ್ಲ, ಮಸಿ ಬಳಿಯೋಕೆ ವಿಮಾನ ಹತ್ಕೊಂಡು ಬಂದ್ರು ನೋಡಿ," ಎಂದು ಇಂದುಮತಿ ಗಲ್ಲಿಗೆಲ್ಲ ಕೇಳುವಂತೆ ಗೊಣಗಿದಳು.

ಶೂಟಿಂಗ್ ಮುಗಿದು ಸಾಮಾನೆಲ್ಲ ಮನೆಗೆ ಮರಳಿತು, ಚಿತ್ರವೂ ಬಂತು. ಲಂಡನ್ನಿನಲ್ಲಿ ಜನ ಗೊಳೋ ಎಂದು ಅತ್ತರಂತೆ. ಗಣೇಶ ಮಂಡಳಿಯವರು ಅದನ್ನೇ ಗಲ್ಲಿಯಲ್ಲಿ ಪಂಚೆಯನ್ನೇ ಪರದೆಯಾಗಿ ಕಟ್ಟಿ ತೋರಿಸಿದಾಗ ಜನ ಬಿದ್ದು ಬಿದ್ದು ನಕ್ಕರು. ಪರದೆಯ ಮೇಲೆ ಬಡ ತಂದೆಯ ವೇಷದ ನಟ ಹಸಿದ ಮಗುವಿಗಾಗಿ ಅಕ್ಕಿ ಹುಡುಕಿ ಹುಡುಕಿ ಕಣ್ಣೀರಿಡುತ್ತಿದ್ದರೆ ಹಿಂದಿನಿಂದ ಯಾರೋ, "ಅಯ್ಯೋ ಪೆದ್ದ, ಇಂದುಮತಿ ಅಕ್ಕಿ ಇಡೋದು ಮಂಚದ ಕೆಳಗೆ ಕಣೋ!" ಎಂದು ಕೂಗಿದರು. ಅವನು ನೆಲಕ್ಕೆ ಬಿದ್ದು ಹೊರಳಾಡಿದಾಗ, "ಅಲ್ಲಿ ಬೇಡ್ವೋ, ಅದು ಬೆಕ್ಕಿನ ಜಾಗ," ಎಂದರು.

ನಗದೆ ಕೂತವನು ಭಿಕಾಜಿ ಒಬ್ಬನೇ. ಫೋರ್ಟ್ ಬಡಾವಣೆಯ ಆಫೀಸೊಂದರಲ್ಲಿ ಲಿಫ್ಟ್ ನಡೆಸುವ ಅವನು ಊರವರನ್ನೆಲ್ಲ ಮೇಲಕ್ಕೇರಿಸಿದ್ದ, ಮಗಳು ಸುಲಭಾಳನ್ನು ಮಾತ್ರ ಒಂದು ದಡ ಸೇರಿಸಲು ಆಗಿರಲಿಲ್ಲ. ಬಂದ ಗಂಡಿನ ಕಡೆಯವರೆಲ್ಲ ಗಲ್ಲಿಯ ಬಾಯಲ್ಲೇ ಮೂಗು ಮುಚ್ಚಿಕೊಂಡು ವಾಪಸಾಗಿದ್ದರು. ಈಗ ಮನೆಯ ದಾರಿದ್ರ್ಯವನ್ನು ಪ್ರಪಂಚವೇ ನೋಡಿಬಿಟ್ಟಿತಲ್ಲ ಎಂದು ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಅಷ್ಟರಲ್ಲಿ ದೇವರು ಕಣ್ಣು ಬಿಟ್ಟ. ಮುಂಬಯಿಯ ಆಚೆ ತುದಿಯ ಭಾಂಡುಪದ ಗುಡ್ಡದ ಕಾಳೋಖೆ ಮನೆತನದವರು ಭಾನುವಾರ ಅವಲಕ್ಕಿ ತಿನ್ನಲು ಬರುತ್ತೇವೆಂದು ದಲ್ಲಾಳಿಯ ಕೈಲಿ ಹೇಳಿಕಳಿಸಿದರು. ಈರುಳ್ಳಿ ಅವಲಕ್ಕಿಯ ತಟ್ಟೆ ಹಿಡಿದು ಹುಡುಗಿ ಎದುರಿಗೆ ನಿಲ್ಲದೆ ಅಲ್ಲಿ ಯಾರ ಸಂಬಂಧವೂ ಕುದುರುವುದಿಲ್ಲ.

ಭಾನುವಾರ ಬೆಳಿಗ್ಗೆ ಇಂದುಮತಿ ಈರುಳ್ಳಿ ಹೆಚ್ಚುತ್ತಿದ್ದಾಗ ಗಣೇಶ ಮಂಡಳಿಯ ಅಧ್ಯಕ್ಷ ಬಬನ್ ಶಿಂಗಾಡೆ ಏದುಸಿರು ಬಿಡುತ್ತ ಓಡಿಬಂದ.

"ಭಿಕೂಕಾಕಾ! ಆಲಿವರ್ ಸಾಹೇಬ ಬರ್ತಾನೆ! ಲಂಡನ್ನಲ್ಲಿ ಸಿನಿಮಾ ನೋಡಿ ಅತ್ತೋರನ್ನೂ ಕರ್ಕೊಂಡು ಬರ್ತಾನೆ. ಮನೆ ನೋಡ್ಬೇಕಂತೆ. ಅವರ ಮನಸ್ಸು ಕರಗಿದ್ರೆ ಗಲ್ಲಿಗೆ ಶೌಚಾಲಯ!"

"ಬರ್ಲಿ ಬಿಡು, ಚಹಾ ಕೊಡೋಣ."

"ಫ್ರಿಜ್ ಇರೋ ಮನೇಲಿ ಯಾರಾದ್ರೂ ಅಳ್ತಾರಾ? ಸಾಮಾನೆಲ್ಲ ತೆಗೀರಿ!"

"ಲೋ, ಇವತ್ತು ಗಂಡಿನೋರು ಬರ್ತಿದಾರೆ!"

"ನಿಮ್ಮ ಮಗಳು ಇನ್ನೊಂದು ವಾರ ಕಾಯಬಹುದು ಕಾಕಾ. ಬೆಳಿಗ್ಗೆ ಎದ್ದು ಡಬ್ಬ ಹಿಡ್ಕೊಂಡು ಸಾಲಲ್ಲಿ ನಿಂತೋನು ಕಾಯೋಕಾಗುತ್ತಾ?"

ಬಾಗಿಲಲ್ಲಿ ನೆರೆದಿದ್ದ ಅರ್ಧ ಗಲ್ಲಿ ಹೌದು ಹೌದೆಂದು ತಲೆಯಾಡಿಸಿತು. ಇತ್ತ ದರಿ, ಅತ್ತ ಪುಲಿ. ಆಗ ದಾರಿ ತೋರಿಸಿದವಳು ಎದುರುಮನೆಯ ಗೋದೂಬಾಯಿ. ಕೇಳಿದರೆ ಒಂದು ಹಸಿಮೆಣಸಿನಕಾಯಿಯನ್ನೂ ಕೊಡದ ಹೆಂಗಸು ಅಂದು ಕರ್ಣನ ಅವತಾರವಾಗಿದ್ದಳು.

"ಅದಕ್ಯಾಕೆ ತಲೆ ಕೆಡಿಸ್ಕೋತೀರಾ? ಸಾಮಾನೆಲ್ಲ ನಮ್ಮನೇಲಿಡಿ. ಗಂಡಿನೋರನ್ನೂ ನಮ್ಮನೇಲೇ ಕೂರಿಸಿ, ಇದೇ ನಮ್ಮನೆ ಅನ್ನಿ. ನಮ್ಮ ಲತಿಕಾ ನೀರು-ಗೀರು ಕೊಡ್ತಾಳೆ. ನೆರೆಹೊರೆ ಅಂದ್ರೆ ಮತ್ಯಾಕಿರೋದು?"

ಟೀವಿ ದಾಟಿತು, ಡಬ್ಬಗಳು ದಾಟಿದವು. ಫ್ರಿಜ್ ಗಲ್ಲಿಯ ನಡುಮಧ್ಯೆ ಚರಂಡಿಯ ಕಲ್ಲಿಗೆ ಸಿಕ್ಕಿಕೊಂಡು ಕೂತ ಹೊತ್ತಿಗೇ ಬಿಳಿಯರ ಗುಂಪು ತಿರುವಿನಲ್ಲಿ ಕಾಣಿಸಿತು. ಬಬನ್ ಹಗ್ಗದ ಮೇಲಿದ್ದ ಸೀರೆ ಎಳೆದು ಫ್ರಿಜ್ಜಿಗೆ ಹೊದಿಸಿದ, ಗಣಪತಿಯ ಕೊರಳಿನ ಚೆಂಡುಹೂವಿನ ಹಾರ ತಂದು ಹಾಕಿದ. "ಗಾಡ್," ಎಂದ. ಬಂದವರು ಬೂಟು ಬಿಚ್ಚಿ ಫ್ರಿಜ್ಜಿಗೆ ಕೈಮುಗಿದು, ಖಾಲಿ ಮನೆಯೊಳಗೆ ಹೊಕ್ಕರು. ಅಲ್ಲಿ ಬಬನ್ ತನ್ನ ಅಜ್ಜಿಯನ್ನು ಮೂಲೆಯಲ್ಲಿ ಕೂರಿಸಿಟ್ಟಿದ್ದ. ಅವಳಿಗೆ ಬೆಳಗಿನ ಚಹಾ ಸಿಕ್ಕಿರಲಿಲ್ಲವಾಗಿ ಮುಖ ತಕ್ಕಮಟ್ಟಿಗೆ ದುಃಖದಿಂದಲೇ ಇತ್ತು.

ಅವರ ಬೆನ್ನಿಗೇ ಗಂಡಿನವರು ಬಂದರು. ಹುಡುಗ ಹೇಮಂತ ಕೊರಿಯರ್ ಆಫೀಸಿನ ಗುಮಾಸ್ತ, ಮಾತು ಕಡಿಮೆ. ಅವನ ತಾಯಿ ಸಗುಣಾಬಾಯಿಯ ಮಾತು ಇಬ್ಬರಿಗೂ ಸಾಕಾಗುವಷ್ಟಿತ್ತು. ಗೋದೂಬಾಯಿಯ ಮನೆಯಲ್ಲಿ ಕೂತು ಸುಲಭಾ ತಂದ ಅವಲಕ್ಕಿಯ ಮೊದಲ ತುತ್ತು ಬಾಯಿಗಿಟ್ಟವಳೇ ಬಾಗಿಲಾಚೆ ಕತ್ತು ಚಾಚಿದಳು.

"ಆ ಸಿನಿಮಾ ಮನೆ ಇದೇ ಗಲ್ಲೀಲಲ್ವಾ?"

ಭಿಕಾಜಿ ಕೂತಲ್ಲಿಂದಲೇ ಅವಳ ನೋಟಕ್ಕೆ ಅಡ್ಡ ಸರಿದ.

"ಅದಾ... ಎದುರುಗಡೇದು. ಈ ಗೋದೂಬಾಯೀದು. ಇವರು ಸುಮ್ನೆ ಸಹಾಯಕ್ಕೆ ಬಂದಿದಾರೆ. ನಮಗೂ ಆ ಮನೆಗೂ ಏನೂ ಸಂಬಂಧ ಇಲ್ಲ, ಗಣಪತಿ ಆಣೆ!"

ಗೋದೂಬಾಯಿ ಏನೋ ಹೇಳಲು ಬಾಯಿ ತೆರೆದಳು. ಭಿಕಾಜಿ ಕಣ್ಣು ಮಿಟುಕಿಸಿದ. ಮುಚ್ಚಿದಳು.

"ನಾವು ನಾಲ್ಕು ಸಲ ನೋಡಿದ್ವಿ," ಎಂದಳು ಸಗುಣಾಬಾಯಿ.

"ಪಾಪ, ತುಂಬಾ ಅತ್ತಿರೇನೋ?"

"ಅಳೋದ್ಯಾಕೆ? ನಮ್ಮ ಚಾಳಿನೋರೆಲ್ಲ ಹೊಟ್ಟೆ ಉರ್ಕೊಂಡ್ವಿ! ಆ ಪುಣ್ಯಾತ್ಮನ ಮನೇಲಿ ಮೂರೇ ಜನ. ನಾವು ಒಂಬತ್ತು. ಒಲೆ ಪಕ್ಕದಲ್ಲೇ ನಲ್ಲಿ. ತಲೆ ಮೇಲೆ ಅಷ್ಟು ದೊಡ್ಡ ಅಟ್ಟ, ಪೂರ್ತಿ ಖಾಲಿ! ಅಪ್ಪ ಸಾಯೋ ಸೀನಲ್ಲಿ ಬೇರೆಯೋರು ಅವನ ಮುಖ ನೋಡಿದ್ರೆ ನಾನು ಅಟ್ಟದ ಉದ್ದ ನೋಡ್ತಿದ್ದೆ. ನಮ್ಮ ಹೇಮಂತ ಹೊಸ್ತಿಲಾಚೆ ಕಾಲು ಚಾಚಿ ಮಲಗೋನು, ಹೆಂಡ್ತಿ ಬಂದ್ರೆ ಎಲ್ಲಿ ಮಲಗಿಸ್ಲಿ ಹೇಳಿ? ಅದಕ್ಕೇ ದಲ್ಲಾಳಿಗೆ ಹೇಳಿದ್ದೆ, ಆ ಅಟ್ಟದ ಮನೆ ಹುಡುಗೀನೇ ತೋರ್ಸು, ಮನೆಯಳಿಯ ಆದ್ರೂ ಸರಿ ಅಂತ. ಆ ಮುಠ್ಠಾಳ ನಮ್ಮನ್ನ ಇಲ್ಲಿಗೆ ತಂದು ಕೂರಿಸ್ದ." ನೀರಿನ ಲೋಟ ಹಿಡಿದು ನಿಂತಿದ್ದ ಲತಿಕಾಳನ್ನು ಮೇಲಿಂದ ಕೆಳಗೆ ನೋಡಿ, ಗೋದೂಬಾಯಿಯನ್ನು ಕೇಳಿದಳು, "ಇದು ನಿಮ್ಮ ಮಗಳಾ?"

"ಹೌದು," ಎಂದಳು ಗೋದೂಬಾಯಿ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಭಿಕಾಜಿ ಎದ್ದು ನಿಂತ. "ಅಮ್ಮಾ, ಅದು ನಮ್ಮನೆ! ಆ ಅಟ್ಟ ನಂದು, ನಲ್ಲಿ ನಂದು!"

"ಈಗ ತಾನೇ ಗಣಪತಿ ಆಣೆ ಹಾಕಿದ್ರಲ್ಲ? ಇಷ್ಟು ಬೇಗ ಮಾತು ಬದಲಾಯಿಸೋ ಮನೆ ನಮಗೆ ಬೇಡಪ್ಪಾ."

"ಬನ್ನಿ, ತೋರಿಸ್ತೀನಿ!" ಎಂದು ಅವನು ತನ್ನ ಮನೆಯತ್ತ ಓಡಿದ. ಹೊಸ್ತಿಲಲ್ಲೇ ಬಬನ್ ಅಡ್ಡ ನಿಂತ. ಒಳಗೆ ಬಿಳಿಯರು ಅಜ್ಜಿಯನ್ನು ಸುತ್ತುವರಿದು ಬಿಕ್ಕಿ ಬಿಕ್ಕಿ ಅಳುತ್ತಿದ್ದರು.

"ಒಳಗೆ ಬರ್ಬೇಡಿ ಕಾಕಾ! ಶೌಚಾಲಯ ಇನ್ನೇನು ಪಕ್ಕಾ ಆಗ್ತಿದೆ. ನಿಮ್ಮದು ಇಸ್ತ್ರಿ ಅಂಗಿ, ನೋಡಿದ್ರೆ ಅವರ ಅಳು ನಿಂತುಹೋಗುತ್ತೆ."

ಇಂಗು ತಿಂದ ಮಂಗನಂತೆ ಭಿಕಾಜಿ ವಾಪಸು ಬಂದಾಗ ಲತಿಕಾಳ ಹಣೆಗೆ ಕುಂಕುಮ ಬಿದ್ದಿತ್ತು. ಸಂಬಂಧ ಕುದುರಿದ ಸಿಹಿಯೆಂದು ಸಗುಣಾಬಾಯಿ ಅವನ ಕೈಗೂ ಒಂದು ಚಿಟಿಕೆ ಸಕ್ಕರೆ ಹಾಕಿದಳು. ಸುಲಭಾ ಖಾಲಿ ತಟ್ಟೆ ಹಿಡಿದು ಬಾಗಿಲ ಬಳಿ ನಿಂತಿದ್ದಳು. ಆ ಮುಖ ನೋಡಲಾರದೆ ಭಿಕಾಜಿ ಸಕ್ಕರೆಯನ್ನೇ ನೋಡುತ್ತ ನಿಂತ.

ಗಂಡಿನವರು ಹೋದರು, ಬಿಳಿಯರೂ ಕಣ್ಣೊರೆಸಿಕೊಂಡು ಹೋದರು. ಗೋದೂಬಾಯಿ ಸೆರಗು ಸರಿಮಾಡಿಕೊಳ್ಳುತ್ತ ಹತ್ತಿರ ಬಂದಳು.

"ಭಿಕೂದಾದಾ, ಒಂದು ಸಣ್ಣ ಉಪಕಾರ ಆಗ್ಬೇಕು. ಮದುವೆ ಮುಗಿಯೋವರೆಗೂ ನೀವು ನಮ್ಮನೇಲಿರಿ, ನಾವು ನಿಮ್ಮನೇಲಿರ್ತೀವಿ. ನಿಮ್ಮ ಸಾಮಾನು ಹೇಗೂ ನಮ್ಮಲ್ಲೇ ಇದೆ, ವಾಪಸ್ ಹೊರೋ ಕಷ್ಟ ತಪ್ಪಿತು. ಆ ಅಟ್ಟ ಮಾತ್ರ ಇವತ್ತೇ ಗುಡಿಸಿಬಿಡಿ. ಹಾಸಿಗೆ ಅಳತೆ ನೋಡೋಕೆ ಅಳಿಯಂದ್ರು ನಾಳೆ ಬರ್ತಾರಂತೆ."