ಅತ್ತೆಯ ಧಾರಾವಾಹಿಗೊಂದು ಇನ್‌ವರ್ಡ್ ನಂಬರು

ನನ್ನ ಮದುವೆಯಾಗಿದೆ ಎಂಬುದು ನಮ್ಮ ಸೋದರತ್ತೆಗೆ ಗೊತ್ತಿದೆ. ಆದರೆ ಅದು ಕ್ರಮಬದ್ಧವಾಗಿ ಆಗಿದೆ ಎಂದು ಅವರು ಇವತ್ತಿಗೂ ಒಪ್ಪುವುದಿಲ್ಲ! ಲಗ್ನಪತ್ರಿಕೆ ಕೊಡಲು ಹೋದಾಗ ನಾನು ಒಂದೇ ಪ್ರತಿ ಒಯ್ದಿದ್ದೆ, ತಪ್ಪು ಅಷ್ಟೇ. ಅತ್ತೆ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಆಮೇಲೆ ಮೇಜಿನ ಡ್ರಾಯರ್ ಎಳೆದು, ಸೀಲು ತೆಗೆದು, ಮುಕ್ಕೊಡೆಯ ಕೆಳಗೆ ಕೂತ ಜಿನಬಿಂಬದ ಚಿತ್ರದ ಪಕ್ಕದಲ್ಲೇ ‘ಸ್ವೀಕರಿಸಿದೆ’ ಎಂದು ಠಪ್ಪನೆ ಒತ್ತಿದರು.

“ಆಫೀಸ್ ಕಾಪಿ ಎಲ್ಲೋ?”

“ಅತ್ತೆ, ಇದು ಮದುವೆ.”

“ಮದುವೆ ಆದ್ರೆ ಇನ್ನೂ ಮುಖ್ಯ ಕಣೋ. ನಾಳೆ ನಾನು ‘ನನ್ನ ಕರೆದೇ ಇಲ್ಲ’ ಅಂತ ಜಗಳ ತೆಗೆದ್ರೆ ನಿನ್ನ ಹತ್ರ ಎಂತ ಇದೆ ದಾಖಲೆ?”

ಕಾರ್ಗಲ್ಲಿನ ಒಂದು ಕಚೇರಿಯಲ್ಲಿ ಅತ್ತೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಟಪಾಲು ಗುಮಾಸ್ತೆಯಾಗಿದ್ದವರು. ಬಂದ ಕಾಗದಕ್ಕೊಂದು ಸೀಲು, ಒಂದು ಇನ್‌ವರ್ಡ್ ನಂಬರು, ರಿಜಿಸ್ಟರಿನಲ್ಲಿ ಒಂದು ಸಾಲು. ಹೋಗುವ ಕಾಗದಕ್ಕೂ ಅದೇ ಮರ್ಯಾದೆ. ಮದುವೆಯಾಗಲಿಲ್ಲ. ಕೇಳಿದರೆ “ಅರ್ಜಿ ಬಂದಿದ್ವು, ಯಾವುದೂ ನಮೂನೆ ಪ್ರಕಾರ ಇರ್ಲಿಲ್ಲ” ಎನ್ನುತ್ತಾರೆ. ನಿವೃತ್ತಿಯಾಗಿ ಹೊಸನಗರದಲ್ಲಿ ಮನೆ ಮಾಡಿದ ವಾರದಲ್ಲೇ ಸಾಗರಕ್ಕೆ ಬಂದು ಸ್ವಂತಕ್ಕೊಂದು ರಬ್ಬರ್ ಸೀಲು ಮಾಡಿಸಿಕೊಂಡರು. ಯಾರಿಗೂ ಹೇಳದೆ ಒಂದು ಸಿಟ್‌ಕಾಮ್ ಬರೆಯಲೂ ಕೂತರು.

ಹೌದು ಸ್ವಾಮಿ, ಸಿಟ್‌ಕಾಮ್, ಟಿವಿಯ ಹಾಸ್ಯ ಧಾರಾವಾಹಿ! ವಾರಕ್ಕೊಂದು ಕಂತು, ಒಂದೇ ಕಚೇರಿ, ಅದೇ ಐದು ಜನ, ಪ್ರತಿ ಸಲ ಹೊಸ ಫಜೀತಿ. ಹೆಸರು ‘ಮೇಲಿನವರ ಗಮನಕ್ಕೆ’. ಅತ್ತೆ ನಕ್ಕಿದ್ದನ್ನು ನಾನಂತೂ ಅಲ್ಲಿಯವರೆಗೆ ಕಂಡಿರಲಿಲ್ಲ. ಫೋಟೋ ತೆಗೆಯುವವನು ಸ್ಮೈಲ್ ಅಂದರೆ “ಯಾತಕ್ಕೆ?” ಎಂದು ಕೇಳುವ ಹೆಂಗಸು ಹಾಸ್ಯ ಬರೆಯುವುದು ಹೇಗೆ, ನೀವೇ ಹೇಳಿ!

ನನ್ನದು ಸಾಗರದ ಬಸ್ ಸ್ಟ್ಯಾಂಡಿನ ಹತ್ತಿರ ಝೆರಾಕ್ಸ್ ಅಂಗಡಿ. ಯಾವ ಅರ್ಜಿ ಎಲ್ಲಿಗೆ ಕೊಡಬೇಕು ಎಂದು ಇಡೀ ತಾಲ್ಲೂಕು ನನ್ನನ್ನೇ ಕೇಳುತ್ತದೆ. ಒಂದು ಗುರುವಾರ ಅತ್ತೆ ಬಂದು, ಕೈಬರಹದ ದೊಡ್ಡ ಕಟ್ಟೊಂದನ್ನು ಕೌಂಟರಿನ ಮೇಲೆ ಇಟ್ಟರು.

“ಜಾತಿ ಸರ್ಟಿಫಿಕೇಟಿಗೆ ನಾಡಕಚೇರಿ. ಪಹಣಿಗೆ ತಾಲ್ಲೂಕು ಕಚೇರಿ. ಇದನ್ನ ಎಲ್ಲಿಗೆ ಕೊಡ್ಬೇಕೋ ಮಾರಾಯ?”

ಗೊತ್ತಿಲ್ಲ ಎನ್ನಲು ನನ್ನ ಅಂಗಡಿಯ ಘನತೆ ಬಿಡಲಿಲ್ಲ. ಮೊಬೈಲಿನಲ್ಲಿ ಹುಡುಕಿ ಓದಿ ಹೇಳಿದೆ: ಹೊಸಬರ ಸ್ಕ್ರಿಪ್ಟನ್ನು ಟಿವಿಯವರು ಸಾಮಾನ್ಯವಾಗಿ ನೇರವಾಗಿ ಮುಟ್ಟುವುದಿಲ್ಲ, ಧಾರಾವಾಹಿ ತಯಾರಿಸುವ ಕಂಪನಿಯವರನ್ನು ಹಿಡಿಯಬೇಕು, ಮೊದಲು ಬರಹವನ್ನು ನಮ್ಮ ಹೆಸರಿನಲ್ಲಿ ನೋಂದಾಯಿಸಬೇಕು, ಆಮೇಲೆ ಒಂದು ಪುಟದ ಸಾರಾಂಶ, ಮೊದಲ ಕಂತು, ಅಷ್ಟೇ ಕಳಿಸಬೇಕು.

ನೋಂದಣಿ ಎಂದದ್ದೇ ಅತ್ತೆಯ ಮುಖ ಅರಳಿತು. ಒಂದು ಪುಟ ಎಂದದ್ದೇ ಬಾಡಿತು. “ಪೂರ್ತಿ ಕಡತ ಇಲ್ದೆ ಟಿಪ್ಪಣಿ ಮಾತ್ರ ಮಂಡಿಸೋದಾ? ಆಗಲ್ಲ” ಎಂದು ಇಪ್ಪತ್ನಾಲ್ಕೂ ಕಂತುಗಳನ್ನು ನಾಲ್ಕು ಪ್ರತಿ ಮಾಡಿಸಿದರು. ನನ್ನ ಮಷಿನ್ ಎರಡು ಸಲ ಬಿಸಿಯೇರಿ ನಿಂತಿತು.

“ಒಂದು ಪ್ರತಿ ನನ್ನ ಹತ್ರ ಇರ್ಲಿ ಅತ್ತೆ, ಓದಿ ಹೇಳ್ತೀನಿ” ಎಂದು ನಾನೂ ದೊಡ್ಡಸ್ತಿಕೆ ತೋರಿಸಿದೆ. ರಿಜಿಸ್ಟರಿನಲ್ಲಿ ನನ್ನ ಸಹಿ ಹಾಕಿಸಿಕೊಂಡೇ ಕೊಟ್ಟರು. ಅವರು ಬಸ್ಸು ಹತ್ತಿದ ಮೇಲೆ ಅದನ್ನು ಲ್ಯಾಮಿನೇಷನ್ ಮಷಿನ್ನಿನ ಕೆಳಗೆ ತೂರಿಸಿದೆ. ಮಷಿನ್ನಿನ ಒಂದು ಕಾಲು ಗಿಡ್ಡವಾಗಿತ್ತು, ಅತ್ತೆಯ ಹಾಸ್ಯ ಸರಿಯಾದ ದಪ್ಪಕ್ಕಿತ್ತು.

ಉಳಿದ ಮೂರು ಪ್ರತಿಗಳು ಬೆಂಗಳೂರಿನ ಮೂರು ಕಂಪನಿಗಳಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹೋದವು. ಹದಿನೈದು ದಿನಕ್ಕೆ ಅಂಗಡಿಯ ಫೋನಿಗೆ ಒಬ್ಬ ಹುಡುಗನ ಕರೆ ಬಂತು. ಅವತ್ತು ಅತ್ತೆ ಅಲ್ಲೇ ಇದ್ದರು, ಸ್ಪೀಕರಿಗೆ ಹಾಕಿದೆ.

“ಮೇಡಂ, ಇದೇನು? ನಮಗೆ ಬರೆದ ಪತ್ರದ ಕೆಳಗೇ ‘ಪ್ರತಿಗಳು ಮಾಹಿತಿಗಾಗಿ’ ಅಂತ ನಮ್ಮ ಎದುರಾಳಿ ಕಂಪನಿಗಳ ಹೆಸರು ಬರ್ದಿದ್ದೀರಲ್ಲ!”

“ಅವರಿಗೆ ಮಾಹಿತಿಗಾಗಿ ಮಾತ್ರ ಕಣಪ್ಪ. ಕ್ರಮಕ್ಕಾಗಿ ನಿಮಗೇ ಕಳಿಸಿದ್ದು.”

“ಅವರಿಗೆ ಬರೆದಿದ್ರಲ್ಲಿ?”

“ಅದ್ರಲ್ಲಿ ನೀವು ಮಾಹಿತಿಗಾಗಿ.”

ಆ ಹುಡುಗ ಮತ್ತೆ ಫೋನ್ ಮಾಡಲಿಲ್ಲ. ಅತ್ತೆ ನಿಯಮದ ಪ್ರಕಾರ ನೆನಪೋಲೆ ಒಂದು, ನೆನಪೋಲೆ ಎರಡು, ನೆನಪೋಲೆ ಮೂರು ಕಳಿಸಿದರು. ಉತ್ತರವಿಲ್ಲ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುತ್ತೇನೆ ಎಂದು ಹೊರಟವರನ್ನು, ಖಾಸಗಿ ಕಂಪನಿಗೆ ಅದು ಅನ್ವಯಿಸುವುದಿಲ್ಲ ಎಂದು ತಡೆಯುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಅಷ್ಟರಲ್ಲಿ ತೀರ್ಥಹಳ್ಳಿಯಿಂದ ಮುಂದೆ, ಮೇಗರವಳ್ಳಿಯ ಹತ್ತಿರ ಯಾವುದೋ ಧಾರಾವಾಹಿಯ ಶೂಟಿಂಗ್ ನಡೆದಿದೆ ಎಂದು ಸುದ್ದಿ ಬಂತು. ತಯಾರಿಸುವವರೇ ಮನೆ ಬಾಗಿಲಿಗೆ ಬಂದ ಹಾಗಾಯಿತಲ್ಲ! ನನ್ನ ಹಳೇ ವ್ಯಾನಿನಲ್ಲಿ ಹೊರಟೆವು. ಅತ್ತೆಯ ತೊಡೆಯ ಮೇಲೆ ಹೊಸದಾಗಿ ತೆಗೆಸಿದ ಪ್ರತಿ, ಅದರ ಮೇಲೆ ರೊಟ್ಟಿಯ ಡಬ್ಬಿ. ಅತ್ತೆ ಹೊತ್ತು ಮುಳುಗಿದ ಮೇಲೆ ಊಟ ಮುಟ್ಟುವವರಲ್ಲ. ನಮ್ಮ ಜೈನರ ಮನೆಗಳಲ್ಲಿ ಹಿಂದಿನಿಂದ ಬಂದ ಕ್ರಮ. ನಾನು ಹೆಸರಿಗಷ್ಟೇ ಆ ಮನೆಯವನು, ರಾತ್ರಿ ಒಂಬತ್ತಕ್ಕೆ ಗೋಬಿ ಮಂಚೂರಿ ತಿನ್ನುವ ಗಿರಾಕಿ.

ಹಳೇ ಗೋದಾಮಿನಲ್ಲಿ ಪೊಲೀಸ್ ಠಾಣೆಯ ಸೆಟ್ ಹಾಕಿದ್ದರು. ಮ್ಯಾನೇಜರ್ ಒಳ್ಳೆಯವನು. “ಒಂದು ಲೈನಲ್ಲಿ ಕಥೆ ಹೇಳಿ ಅಮ್ಮ” ಎಂದ.

“ಒಂದು ಲೈನಲ್ಲಿ ಹೇಳೋ ಹಾಗಿದ್ರೆ ಇಪ್ಪತ್ನಾಲ್ಕು ಕಂತು ಯಾಕೆ ಬರೀತಿದ್ದೆ?”

ಅವನು ಹಾಳೆ ತಿರುವಿದ. “ಇದೇನಮ್ಮ, ರಾತ್ರಿ ಊಟದ ಸೀನೆಲ್ಲ ಬಿಸಿಲಲ್ಲೇ ಇದಾವೆ?”

“ಕತ್ತಲಾದ್ಮೇಲೆ ಯಾರಾದ್ರೂ ಊಟ ಮಾಡ್ತಾರಾ?” ಎಂದು ಅತ್ತೆ ನಿಜವಾದ ಆಶ್ಚರ್ಯದಿಂದ ಕೇಳಿದರು. ನಾನು ಎತ್ತಲೋ ನೋಡಿದೆ.

ಐದೂವರೆಯಾಯಿತು. ಅತ್ತೆ ಸುತ್ತ ನೋಡಿ, ಖಾಲಿ ಇದ್ದ ಒಂದೇ ಕುರ್ಚಿಯಲ್ಲಿ ಕೂತು ಡಬ್ಬಿ ಬಿಚ್ಚಿದರು. ಅದು ಇನ್‌ಸ್ಪೆಕ್ಟರನ ಕುರ್ಚಿ, ಕ್ಯಾಮೆರಾ ಓಡುತ್ತಿತ್ತು! “ಕಟ್, ಕಟ್” ಎಂದು ಯಾರೋ ಕೂಗಿದರು. ಅತ್ತೆ ಎರಡನೇ ರೊಟ್ಟಿ ಮುಗಿಸಿಯೇ ಎದ್ದರು. ಹೊರಡುವ ಮುಂಚೆ ಪ್ರತಿ ಒಪ್ಪಿಸಿ, ಅದರ ಜೊತೆಗಿನ ಪತ್ರದ ತಮ್ಮ ಆಫೀಸ್ ಕಾಪಿಗೆ ಸೀಲು ಬೇಕೆಂದು ಪಟ್ಟು ಹಿಡಿದರು. ಪಾಪ, ಆ ಮ್ಯಾನೇಜರ್ ನಮ್ಮನ್ನು ಸಾಗಹಾಕಿದರೆ ಸಾಕೆಂದು ಸೆಟ್ಟಿನ ಮೇಜಿನಿಂದ ಒಂದು ಸೀಲು ಎತ್ತಿ ಒತ್ತಿಯೇ ಬಿಟ್ಟ. ಅತ್ತೆ ದಾರಿಯುದ್ದಕ್ಕೂ ಹಾಳೆಯನ್ನು ಎದೆಗೊತ್ತಿಕೊಂಡಿದ್ದರು. ತೀರ್ಥಹಳ್ಳಿಯಲ್ಲಿ ಕನ್ನಡಕ ಹಾಕಿ ಓದಿದರೆ, ‘ಠಾಣಾಧಿಕಾರಿಗಳು’! ಅತ್ತೆಯ ಹಾಸ್ಯ ಈಗ ಅಧಿಕೃತವಾಗಿ ಪೊಲೀಸರ ವಶದಲ್ಲಿತ್ತು.

ನಾನು ಸ್ಟೀರಿಂಗಿನ ಮೇಲೆ ಬಿದ್ದು ನಕ್ಕೆ. ಅತ್ತೆ ನಗಲಿಲ್ಲ. “ಬರ್ದಿದ್ದಕ್ಕೆ ನಗು ಅಂದ್ರೆ ಸೀಲು ಒತ್ತಿಸ್ಕೊಂಡಿದ್ದಕ್ಕೆ ನಗ್ತೀಯಲ್ಲ” ಎಂದು ಕಿಟಕಿಯ ಕಡೆ ತಿರುಗಿದರು. ಆ ಮಾತು ನನಗೆ ಆಗ ತಟ್ಟಲಿಲ್ಲ.

ತಿಂಗಳುಗಳು ಕಳೆದವು. ಅಲ್ಲಿಂದಲೂ ಉತ್ತರವಿಲ್ಲ. ಕಳೆದ ಗುರುವಾರ ಅತ್ತೆ ಬಂದು ತಮ್ಮ ರಿಜಿಸ್ಟರನ್ನು ಕೌಂಟರಿನ ಮೇಲಿಟ್ಟರು. “ಇದಕ್ಕೊಂದು ಗಟ್ಟಿ ಬೈಂಡ್ ಹಾಕ್ಕೊಡು. ಆ ಕಡತ ಮುಕ್ತಾಯ ಮಾಡ್ತಿದೀನಿ” ಎಂದರು. ಜಗಳವಿಲ್ಲ, ನಿಯಮವಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಹೋಗಿಯೇ ಬಿಟ್ಟರು.

ನಾನು ರಿಜಿಸ್ಟರ್ ಬಿಡಿಸಿದೆ. ಯಾರಿಗೆ, ವಿಷಯ, ನೆನಪೋಲೆ, ಕೈಗೊಂಡ ಕ್ರಮ ಎಂದು ಕೆಂಪು ಗೆರೆ ಎಳೆದ ಕಾಲಂಗಳು. ಕಂಪನಿಗಳ ಮುಂದೆಲ್ಲ ಮೂರು ಮೂರು ನೆನಪೋಲೆ. ಎಲ್ಲಕ್ಕೂ ಮೇಲೆ, ಕ್ರಮ ಸಂಖ್ಯೆ ಒಂದರಲ್ಲಿ, ನನ್ನ ಸಹಿ. ಯಾರಿಗೆ: ತಮ್ಮನ ಮಗನಿಗೆ. ವಿಷಯ: ಓದಿ ನಗು ಬಂದರೆ ತಿಳಿಸುವುದು. ನೆನಪೋಲೆ: ಕಳಿಸಿಲ್ಲ, ಅವನಿಗೆ ಅಂಗಡಿ ಕೆಲಸ ಜಾಸ್ತಿ.

ಕೈಗೊಂಡ ಕ್ರಮದ ಜಾಗ ಖಾಲಿ ಇತ್ತು. ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಲ್ಯಾಮಿನೇಷನ್ ಮಷಿನ್ ಎತ್ತಿ ಆ ಕಟ್ಟು ಎಳೆದುಕೊಂಡೆ.

ಏಳನೇ ಕಂತಿನಲ್ಲಿ ಒಬ್ಬಳು ಟಪಾಲು ಗುಮಾಸ್ತೆ. ಲಕ್ಷ ಕಾಗದಕ್ಕೆ ನಂಬರು ಹಾಕಿದ್ದಾಳೆ, ಅವಳ ಹೆಸರಿಗೆ ಒಂದೂ ಬಂದಿಲ್ಲ. ಅದನ್ನು ಕಂಡ ಮುದುಕ ಜವಾನ ಅವಳಿಗೊಂದು ಪತ್ರ ಪೋಸ್ಟ್ ಮಾಡುತ್ತಾನೆ. ವಿಷಯ: ಸುಮ್ಮನೆ. ಅವಳು ಸೀಲು ಒತ್ತುತ್ತಾಳೆ, ಆದರೆ ‘ಸುಮ್ಮನೆ’ ಯಾವ ಶಾಖೆಗೆ ಸೇರಿದ ವಿಷಯ? ಆದೇಶಕ್ಕಾಗಿ ಮೇಲಿನವರಿಗೆ ಮಂಡಿಸುತ್ತಾಳೆ! ಅವರು ಕಾನೂನು ಶಾಖೆಯ ಅಭಿಪ್ರಾಯ ಕೇಳುತ್ತಾರೆ. ಕಾನೂನು ಶಾಖೆ, ಸುಮ್ಮನೆ ಎಂಬುದಕ್ಕೆ ಪೂರಕ ದಾಖಲೆ ಕೇಳುತ್ತದೆ. ಆಧಾರ್ ಝೆರಾಕ್ಸಿಗೆ ನಿಂತ ಜನ ನೋಡುತ್ತಿದ್ದಂತೆ ನಾನು ಹೊಟ್ಟೆ ಹಿಡಿದು ನಕ್ಕೆ. ಕಡೆಗೆ ಪತ್ರ ‘ಕಡತಕ್ಕೆ ಸೇರಿಸಿ’ ಎಂಬ ಷರಾದೊಂದಿಗೆ ಅವಳಿಗೇ ವಾಪಸು ಬರುತ್ತದೆ. ಮೊದಲ ಬಾರಿಗೆ ಅವಳು ಆದೇಶ ಮೀರಿ ಅದನ್ನು ಮನೆಗೆ ಒಯ್ಯುತ್ತಾಳೆ. ಅಲ್ಲಿ ನನ್ನ ನಗು ನಿಂತು ಕಣ್ಣು ಒದ್ದೆಯಾಯಿತು.

ಮಾರನೇ ದಿನ ಅಂಗಡಿಗೆ ಬೇಗ ಬಾಗಿಲು ಹಾಕಿ ಹೊಸನಗರಕ್ಕೆ ಹೋದೆ. ಅತ್ತೆ ರೊಟ್ಟಿ ಬೇಯಿಸಿ ತಟ್ಟೆ ಇಡುತ್ತಿದ್ದರು. ನನ್ನ ಪತ್ರ ಕೊಟ್ಟೆ, ಈ ಸಲ ಎರಡು ಪ್ರತಿ. ವಿಷಯ: ತಮ್ಮ ಧಾರಾವಾಹಿ ಓದಿ ನಕ್ಕ ಬಗ್ಗೆ. ಉಲ್ಲೇಖ: ತಮ್ಮ ರಿಜಿಸ್ಟರಿನ ಕ್ರಮ ಸಂಖ್ಯೆ ಒಂದು. ತಡವಾಗಿದ್ದಕ್ಕೆ ಕ್ಷಮೆ ಇರಲಿ.

ಅತ್ತೆ ಎರಡು ಸಲ ಓದಿದರು. ಸೀಲಿಗೆ ಕೈ ಹೋಗಲಿಲ್ಲ.

“ಯಾವ ಪುಟದಲ್ಲಿ ನಕ್ಕೆ?”

“ಸುಮ್ಮನೆ ಬಂದ ಕಾಗದಕ್ಕೆ ಅತ್ತೆ. ಕಾನೂನು ಶಾಖೆಯವರು ದಾಖಲೆ ಕೇಳಿದ್ರಲ್ಲ, ಅಲ್ಲಿ.”

ಅತ್ತೆ ನಕ್ಕರು! ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಭುಜ ಕುಣಿಸಿ, ಚಿಕ್ಕ ಹುಡುಗಿಯ ಹಾಗೆ. “ಅದೆಂತ ಮಹಾ, ಎಂಟನೇ ಕಂತು ಕೇಳು” ಎಂದು ತಮ್ಮ ಪ್ರತಿ ತಂದು, ಐದು ಜನರ ದನಿಯನ್ನೂ ಬೇರೆ ಬೇರೆ ಮಾಡಿ ಗಟ್ಟಿಯಾಗಿ ಓದತೊಡಗಿದರು. ಎಂಟು ಮುಗಿದು ಒಂಬತ್ತಕ್ಕೆ ಬಂದಾಗ ನಾನು ಕಿಟಕಿಯತ್ತ ನೋಡಿದೆ.

“ಅತ್ತೆ, ಹೊತ್ತು ಮುಳುಗ್ತಾ ಇದೆ. ನಿಮ್ಮ ಊಟ...”

“ಮುಳುಗ್ಲಿ ಬಿಡೋ” ಎಂದು ಅತ್ತೆ ಪುಟ ತಿರುವಿ, ಎದ್ದು ದೀಪ ಹಾಕಿ ಬಂದು ಮತ್ತೆ ಓದಲು ಕೂತರು. ಆ ರಾತ್ರಿ ಅವರ ಜೊತೆ ನಾನೂ ಊಟ ಬಿಟ್ಟೆ.