ಒಡೆದ ಕೈಯೂ ರೇಷ್ಮೆ ಕೌಂಟರೂ

ಬಲಗೈ ತೋರುಬೆರಳ ತುದಿಯಲ್ಲಿ ಅಕ್ಕಿಕಾಳಿನಷ್ಟು ಉದ್ದದ ಒಂದು ಬಿರುಕು. ಅಷ್ಟಕ್ಕೇ ಒಬ್ಬ ಸಂಸಾರಸ್ಥನ ಬದುಕು ಬಾಯಿಬಿಟ್ಟುಕೊಂಡು ನಿಂತಿತ್ತು.

ಚಳಿಗಾಲ ಬಂತೆಂದರೆ ಅವನ ಕೈ ಹೀಗೇ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟರೆ ಮತ್ತೆ ಹೊಸಿಲು ತುಳಿಯುವುದು ರಾತ್ರಿ ಎಂಟಕ್ಕೆ. ಪಾತ್ರೆ, ಮಗಳ ಯೂನಿಫಾರ್ಮು, ಊಟದ ಡಬ್ಬಿ, ಜೊತೆಗೆ ಮೂಳೆಯವರೆಗೆ ಕೊರೆಯುವ ನಲ್ಲಿ ನೀರು, ಎಲ್ಲವೂ ಅವನ ಪಾಲಿಗೆ. ಇಂಥ ಕೈಯವನು ಕಬ್ಬಿಣದ ಅಂಗಡಿಯಲ್ಲಿದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಇವನಿದ್ದದ್ದು ಬಟ್ಟೆ ಅಂಗಡಿಯ ರೇಷ್ಮೆ ಕೌಂಟರಿನಲ್ಲಿ. ಒಡೆದ ಚರ್ಮ ತಾಗಿದರೆ ಸಾಕು, ರೇಷ್ಮೆಯ ಎಳೆ ಸಿಕ್ಕಿಕೊಂಡು ಮೇಲೇಳುತ್ತದೆ. ಎಳೆ ಎದ್ದ ಬಟ್ಟೆಯನ್ನು ಗಿರಾಕಿ ಮೂಸಿಯೂ ನೋಡುವುದಿಲ್ಲ. ಅಂಗಡಿಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಉಪ್ಪುಕಾಗದ’ ಅಂತ. ಬಡಗಿಗಳು ಮರ ಉಜ್ಜುತ್ತಾರಲ್ಲ, ಅದು.

ಆ ದಿನ ಬೆಳಿಗ್ಗೆ ಹೆಂಡತಿ ಹೊರಡುವಾಗ ಅವನ ಜೇಬಿಗೆ ಒಂದು ಪುಟ್ಟ ಡಬ್ಬಿ ತುರುಕಿದಳು.

"ರೀ, ಚರ್ಮದ ಡಾಕ್ಟ್ರು ಕೊಟ್ಟ ಮುಲಾಮು. ಇರೋದು ಇದೊಂದೇ ಡಬ್ಬಿ. ಈಗಲೇ ಹಚ್ಕೊಂಡು ರೇಷ್ಮೆಗೆಲ್ಲ ಕಲೆ ಮಾಡ್ಬೇಡಿ, ಸಂಜೆ ಹಚ್ಕೊಳ್ಳಿ. ಒಂದು ವಾರ ಸಾಕಂತೆ, ಎಂಥಾ ಕೈಯಾದ್ರೂ ಮಗು ಕೆನ್ನೆ ಥರ ಆಗುತ್ತೆ."

ಮಗುವಿನ ಕೆನ್ನೆಯೇ ಎದುರಿಗಿತ್ತು. ಮುಖ ತೊಳೆಸಲು ಹೋದರೆ ಮಗಳು ಹಿಂದೆ ಸರಿದಳು. "ಅಪ್ಪಾ, ನಿನ್ನ ಕೈ ಚುಚ್ಚುತ್ತೆ. ಟವೆಲಲ್ಲೇ ಒರೆಸು." ಅವನು ಕಿಟಕಿ ಗಾಜು ಒರೆಸುವವನಂತೆ ಒರೆಸಿ, ಶಾಲೆಯ ವ್ಯಾನು ಬರುವವರೆಗೆ ಅವಳನ್ನು ಪಕ್ಕದ ಮನೆಯ ಅಜ್ಜಿಯ ಬಳಿ ಬಿಡಲು ಹೋದ.

ಅಜ್ಜಿ ಅವನ ಕೈ ಹಿಡಿದು ನೋಡಿದಳು. "ಏನಪ್ಪಾ ಇದು, ಕೈಯೋ ಒಣಗಿದ ಕೆರೆಯೋ!" ಎಂದವಳೇ, ಬೇಡ ಬೇಡ ಅನ್ನುವಷ್ಟರಲ್ಲಿ ಅರ್ಧ ಬಾಟಲಿ ಹರಳೆಣ್ಣೆ ಸುರಿದು ಮೊಣಕೈವರೆಗೂ ತಿಕ್ಕಿದಳು. "ಸಂಜೆ ಆರೂವರೆಗೆ ಬಂದು ಮಗೂನ ಕರ್ಕೊಂಡು ಹೋಗ್ಬಿಡು. ಆಮೇಲೆ ಒಂದು ನಿಮಿಷಾನೂ ಇಟ್ಕೊಳ್ಳಲ್ಲ. ನನಗೂ ವಯಸ್ಸಾಯ್ತು."

ಅಂಗಡಿಯ ಬಾಗಿಲ ಹಿಡಿಕೆ ಮೂರು ಸಲ ಅವನ ಎಣ್ಣೆಗೈಯಿಂದ ಮೀನಿನಂತೆ ಜಾರಿತು. ನಾಲ್ಕನೆಯ ಸಲ ಒಳಗಿನಿಂದ ಯಜಮಾನರೇ ಬಾಗಿಲು ತೆಗೆದರು.

"ಬಾರಯ್ಯಾ ಬಾ. ನಿನಗೇ ಕಾಯ್ತಾ ಇದ್ದೆ."

ಮೇಜಿನ ಮೇಲೆ ಐದು ರೇಷ್ಮೆ ಸುರುಳಿಗಳು. ಐದರಲ್ಲೂ ಎಳೆ ಎದ್ದಿತ್ತು. ದಿನವೂ ಸಂಜೆ ಪ್ರತಿಯೊಂದು ಸುರುಳಿಯ ಅಂಚಿನ ಮೇಲೂ ಹೆಬ್ಬೆರಳು ಎಳೆದು ಪರೀಕ್ಷಿಸುವುದು ಯಜಮಾನರ ಕ್ರಮ. ಕಣ್ಣು ಮೋಸ ಹೋದರೂ ತಮ್ಮ ಹೆಬ್ಬೆರಳು ಮೋಸ ಹೋಗುವುದಿಲ್ಲ ಎಂದು ಅವರ ನಂಬಿಕೆ. ಆ ಹೆಬ್ಬೆರಳ ಮಾತಿಗೆ ಒಮ್ಮೆ ಎದುರಾಡಿದ ಹಳೆಯ ಗುಮಾಸ್ತ ಈಗ ಬೇರೆಲ್ಲೋ ಕೊಡೆ ರಿಪೇರಿ ಮಾಡುತ್ತಿದ್ದ.

"ಒಂದೇ ವಾರಕ್ಕೆ ಐದು. ಇವತ್ತು ಸಂಜೆ ಇನ್ನೊಂದು ಸಿಕ್ರೆ ನಾಳೆಯಿಂದ ನೀನು ಕೆಳಗಡೆ ಗೋಡೌನಿಗೆ."

ಗೋಡೌನಿನ ಕೆಲಸ ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಒಂಬತ್ತು. ಕೌಂಟರಿನಲ್ಲಾದರೆ ಆರಕ್ಕೆ ಬಿಡುಗಡೆ. ಉಪ್ಪುಕಾಗದನ ಕಣ್ಣ ಮುಂದೆ ಅಜ್ಜಿಯ ಮುಚ್ಚಿದ ಬಾಗಿಲೂ, ಅದರ ಹೊರಗೆ ಸ್ಕೂಲ್ ಬ್ಯಾಗು ತಬ್ಬಿಕೊಂಡು ಕೂತ ಮಗಳೂ ಬಂದು ಹೋದರು.

"ಇಲ್ಲ ಯಜಮಾನ್ರೇ, ಇವತ್ತು ಒಂದೂ ಆಗಲ್ಲ."

ಮೊದಲು ಎಣ್ಣೆ ಹೋಗಬೇಕಿತ್ತು. ಹೋಗಲಿಲ್ಲ. ಮೂರು ಸಲ ಸೋಪು ಹಾಕಿದ ಮೇಲೆ ಎಣ್ಣೆಯ ಜೊತೆ ಅಳಿದುಳಿದ ಚರ್ಮವೂ ಹೋಯಿತು. ಅಕ್ಕಿಕಾಳಿನ ಬಿರುಕು ಗೋಧಿಕಾಳಾಯಿತು.

"ಗ್ಲೌಸ್ ಹಾಕ್ಕೊಳೋ ಮಾರಾಯ," ಎಂದು ಮಹಡಿಯ ಟೈಲರು ಒಂದು ಜೊತೆ ಬಿಳಿ ಕೈಗವಸು ಎಸೆದ. ಹಾಕಿಕೊಂಡು ನಿಂತದ್ದೇ ತಡ, ಮೊದಲ ಗಿರಾಕಿ ಹೆಂಗಸು ಎರಡು ಹೆಜ್ಜೆ ಹಿಂದೆ ಹೋದಳು.

"ಯಾಕ್ರೀ, ಅಂಟುರೋಗನಾ?"

"ಇಲ್ಲಮ್ಮ, ಚಳಿಗೆ ಕೈ ಒಡೆದಿದೆ ಅಷ್ಟೇ."

"ಎಲ್ರೂ ಹಂಗೇ ಹೇಳೋದು," ಎಂದು ಅವಳು ಮಗುವನ್ನೂ ಚೀಲವನ್ನೂ ಎಳೆದುಕೊಂಡು ಎದುರಿನ ಅಂಗಡಿಗೆ ಹೋದಳು.

ಕೈಗವಸು ಕಿತ್ತೆಸೆದು, ಮುಂದಿನ ಗಿರಾಕಿಗೆ ಸುರುಳಿಯನ್ನು ಮೊಣಕೈಯಿಂದಲೇ ತಳ್ಳಿ ಬಿಚ್ಚಲು ನೋಡಿದ. ರೆಕ್ಕೆ ಮುರಿದ ಕೋಳಿಯಂತೆ ಕಾಣುತ್ತಿದ್ದ ಅವನನ್ನು ನೋಡಿ ಬಿಲ್ಲು ಬರೆಯುವವಳು ಕಿಸಕ್ಕೆಂದು ನಕ್ಕಳು. "ಉಪ್ಪುಕಾಗದಣ್ಣ, ಹಲ್ಲಲ್ಲಿ ಕಚ್ಚಿಕೊಂಡು ತೋರಿಸು, ಇನ್ನೂ ಚೆಂದ ಇರುತ್ತೆ!"

ಅವಮಾನಕ್ಕೆ ಬುದ್ಧಿ ಓಡಿತೋ ಏನೋ. ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಗಂಭೀರವಾಗಿ ಹೇಳಿದ: "ಅಮ್ಮಾ, ರೇಷ್ಮೇನ ಬೇರೆಯವರು ತೋರಿಸಬಾರದು. ನೀವೇ ತಗೊಂಡು, ನೀವೇ ಬಿಚ್ಚಿ, ನೀವೇ ಮುಟ್ಟಿ ನೋಡಿ."

ಆಕೆ ನೋಡಿದಳು, ಕೊಂಡಳು. ಅವಳ ಹಿಂದಿನವಳೂ ಕೊಂಡಳು. ಸಂಜೆ ಐದೂವರೆಯ ತನಕ ಅವನು ಒಂದೇ ಒಂದು ರೇಷ್ಮೆಯನ್ನೂ ಮುಟ್ಟಲಿಲ್ಲ. ಬೆನ್ನ ಹಿಂದೆ ಕೈಗಳು ಜೋಮು ಹಿಡಿದಿದ್ದವು. ಮನಸ್ಸು ಮಾತ್ರ ಆಗಲೇ ಅಜ್ಜಿಯ ಬಾಗಿಲು ತಟ್ಟುತ್ತಿತ್ತು.

ಯಜಮಾನರು ಬಂದರು. ಹೆಬ್ಬೆರಳು ಒಂದೊಂದೇ ಸುರುಳಿಯ ಮೇಲೆ ಓಡಿತು. ಕೆಂಪು, ಸರಿ. ಹಸಿರು, ಸರಿ. ಕಪಾಟಿನ ಮೇಲಿನ ಸಾಲಿನ ನೀಲಿ ಸುರುಳಿಯನ್ನು ಇಡೀ ದಿನ ಯಾರೂ ಕೆಳಗಿಳಿಸಿರಲಿಲ್ಲ. ಹೆಬ್ಬೆರಳು ಅದರ ಅಂಚಿನ ಮೇಲೆ ಸರ್ರನೆ ಹೋಗಿ ಗಕ್ಕನೆ ನಿಂತಿತು.

"ಇದೋ ನೋಡು! ಆರನೇದು!"

ಉಪ್ಪುಕಾಗದ ಬಗ್ಗಿ ನೋಡಿದ. ಎಳೆ ಎದ್ದಿತ್ತು, ನಿಜ. ಆದರೆ ಅದರ ಇನ್ನೊಂದು ತುದಿ ಇನ್ನೂ ಯಜಮಾನರ ಹೆಬ್ಬೆರಳಿನಲ್ಲೇ ಸಿಕ್ಕಿಕೊಂಡಿತ್ತು. ಆ ಹೆಬ್ಬೆರಳ ತುದಿಯಲ್ಲಿ ಹುಣಸೆಬೀಜದಷ್ಟು ದೊಡ್ಡ ಬಿರುಕು.

ಅವನ ಎದೆ ಹಗುರಾಯಿತು. ಹಿಂದೆಯೇ ಕೊಡೆ ರಿಪೇರಿಯವನ ನೆನಪೂ ಆಯಿತು. ಹೇಳುವ ಹಾಗಿಲ್ಲ. ಆದರೆ ಬೆರಳು ವಾಸಿಯಾದರೆ ಎಳೆ ಏಳುವುದು ತಾನಾಗಿಯೇ ನಿಲ್ಲುತ್ತದಲ್ಲ! ತನ್ನ ಜಾಣತನಕ್ಕೆ ತಾನೇ ಬೀಗುತ್ತ ಜೇಬಿನಿಂದ ಡಬ್ಬಿ ತೆಗೆದ.

"ಯಜಮಾನ್ರೇ, ಚಳಿ ಜಾಸ್ತಿ ಅಲ್ವಾ. ನಿಮಗೂ ಕೈ ಉರೀತಾ ಇರಬೇಕು. ಚರ್ಮದ ಡಾಕ್ಟ್ರು ಕೊಟ್ಟಿದ್ದು, ತಗೊಳ್ಳಿ. ಡಬ್ಬಿ ಪೂರ್ತಿ ನಿಮಗೇ."

ಯಜಮಾನರ ಮುಖ ಮೆತ್ತಗಾಯಿತು. ಮುಚ್ಚಳ ತೆಗೆದು ಹೆಬ್ಬೆರಳಿಗೆ ಧಾರಾಳವಾಗಿ ಬಳಿದುಕೊಂಡು ಕಣ್ಣು ಮುಚ್ಚಿದರು. "ಆಹಾ... ಒಳ್ಳೇ ಮನುಷ್ಯ ಕಣಯ್ಯ ನೀನು. ನಿನ್ನನ್ನ ಸುಮ್ಮನೆ ಕೆಳಗೆ ಕಳಿಸೋಕೆ ನನಗೂ ಮನಸ್ಸಿಲ್ಲ. ನ್ಯಾಯವಾಗಿ ಒಂದು ಪರೀಕ್ಷೆ ಮಾಡೋಣ. ನಾಳೆಯಿಂದ ಒಂದು ವಾರ ನೀನು ಗೋಡೌನಿನಲ್ಲಿರು. ನೀನಿಲ್ದೇ ಇದ್ರೂ ಇಲ್ಲಿ ಎಳೆ ಎದ್ರೆ ತಪ್ಪು ನಿನ್ನದಲ್ಲ, ರಾಜನ ಹಾಗೆ ವಾಪಸ್ ಬಾ. ಏಳದೇ ಹೋದ್ರೆ ತಪ್ಪು ನಿನ್ನದೇ ಅಂತಾಯ್ತು, ಅಲ್ಲೇ ಖಾಯಂ. ಏನಂತೀಯ?"

ಉಪ್ಪುಕಾಗದನ ಕಣ್ಣು ಡಬ್ಬಿಯ ಮೇಲೆ ನೆಟ್ಟಿತು.

"ಯಜಮಾನ್ರೇ... ಆ ಎಳೆ... ಅದು ನಿಮ್ಮ ಹೆಬ್ಬೆ..."

"ನನ್ನ ಹೆಬ್ಬೆರಳಿಗೆ ಏನಾಗಿದೆ?"

ಬಿಲ್ಲು ಬರೆಯುವವಳ ಪೆನ್ನು ನಿಂತಿತು. ಟೈಲರ ಮಿಷನ್ನೂ ನಿಂತಿತು.

"ಏನಿಲ್ಲ. ತುಂಬಾ... ಚೆನ್ನಾಗಿದೆ. ಆ ಡಬ್ಬಿ ಸ್ವಲ್ಪ ಕೊಟ್ಟಿದ್ರೆ..."

"ಕೊಟ್ಟಿದ್ದನ್ನ ವಾಪಸ್ ಕೇಳ್ತಾರೇನಯ್ಯಾ?" ಯಜಮಾನರು ನಗುತ್ತ ಡಬ್ಬಿಯನ್ನು ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದರು. "ಅಂದ ಹಾಗೆ, ಎಷ್ಟು ದಿನಕ್ಕೆ ಪೂರ್ತಿ ವಾಸಿಯಾಗುತ್ತಂತೆ ಇದು?"

ಗೋಡೆಯ ಗಡಿಯಾರ ಆರು ಹೊಡೆಯಿತು. ಇವತ್ತಿನ ಮಟ್ಟಿಗೆ ಮಗಳನ್ನು ಕರೆತರಲು ಹೊತ್ತಿತ್ತು.

"ಒಂದು ವಾರ ಸಾಕಂತೆ, ಯಜಮಾನ್ರೇ."