ಸೀರೆ ಡ್ರೈ ಕ್ಲೀನಿಂಗಿಗೆ ಕೊಟ್ಟಿದ್ದೇನೆ

ಅಂಗಡಿ ಇಟ್ಟುಕೊಂಡು ಕೂತವನು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಬೆಳಿಗ್ಗೆ ಬಾಗಿಲು ತೆಗೆದಿಟ್ಟರೆ ಸಾಕು, ಸಂಜೆಯೊಳಗೆ ಏನಾದರೊಂದು ತಾನಾಗಿ ಮೆಟ್ಟಿಲು ಹತ್ತಿ ಬಂದೇ ಬರುತ್ತದೆ. ಗಿರಾಕಿಗಳು ಮಾತ್ರ ಹಾಗೆ ಬರುವುದಿಲ್ಲ.

ಪುತ್ತೂರಿನ ಮುಖ್ಯರಸ್ತೆಯಲ್ಲಿ ನನ್ನದು ಡ್ರೈ ಕ್ಲೀನಿಂಗ್ ಅಂಗಡಿ. ಒಂದು ಕಾಲದಲ್ಲಿ ಈ ರಸ್ತೆಯಲ್ಲಿ ನಾವು ನಾಲ್ವರಿದ್ದೆವು. ಒಬ್ಬನ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಇನ್ನೊಬ್ಬನದ್ದು ಬೇಕರಿಯಾಯಿತು. ಮೂರನೆಯವನದ್ದು ಎಟಿಎಂ ಆಗಿತ್ತು, ಈಗ ಅದೂ ಮುಚ್ಚಿದೆ. ಉಳಿದವನು ನಾನೊಬ್ಬ. ದಾರಿಯಲ್ಲಿ ಹೋಗುವವರು ನನ್ನ ಬೋರ್ಡ್ ನೋಡಿ, "ಓ, ಇದು ಇನ್ನೂ ಉಂಟಾ?" ಎನ್ನುತ್ತಾರೆ. ತೀರಿಹೋದರೆಂದು ತಿಳಿದಿದ್ದ ಅಜ್ಜ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದರೆ ಹೇಗೋ ಹಾಗೆ.

ಎಲ್ಲರ ಮನೆಯಲ್ಲೂ ವಾಷಿಂಗ್ ಮೆಷಿನ್ ಬಂದಿದೆ, ಈಗಿನ ಬಟ್ಟೆಗಳಿಗೆ ಇಸ್ತ್ರಿಯೂ ಬೇಡ. ಅದೆಲ್ಲ ನನಗೆ ಅರ್ಥವಾಗುತ್ತದೆ. ಅರ್ಥವಾಗದೆ ಉಳಿದಿದ್ದದ್ದು ಒಂದೇ. ಬೆಟ್ಟಂಪಾಡಿಯಿಂದ, ಕಡಬದಿಂದ, ಅತ್ತ ಸುಳ್ಯದ ಕಡೆಯಿಂದ ಆಗೊಬ್ಬರು ಈಗೊಬ್ಬರಾದರೂ ಬರುತ್ತಿದ್ದರು. ಆದರೆ ನನ್ನ ಅಕ್ಕನನ್ನು ಕೊಟ್ಟ ಊರಾದ ಆಲಂಕಾರಿನಿಂದ ಇಷ್ಟು ವರ್ಷದಲ್ಲಿ ಒಂದು ಕರವಸ್ತ್ರ ಬಂದದ್ದೂ ನೆನಪಿಲ್ಲ. ಅದರ ಕಾರಣ ನನಗೆ ಗೊತ್ತಾದದ್ದು ಮೊನ್ನೆ ಮೊನ್ನೆ. ಅದನ್ನು ಕೊನೆಗೆ ಹೇಳುತ್ತೇನೆ.

೧. ನೀರಿಲ್ಲದ ಒಗೆತ

ಬೆಟ್ಟಂಪಾಡಿಯ ಅಜ್ಜರೊಬ್ಬರು ಬಿಳಿ ಕೋಟು ತಂದರು. ಎದೆಯ ಮೇಲೆ ಬೆಲ್ಲದ ಪಾಯಸದ ಕಲೆ.

"ನೀರು ಹಾಕದೆ ಒಗೆಯುದು ಹೇಗೆ ಮಾರಾಯ್ರೆ?" ಎಂದು ಕೇಳಿದರು.

ನನಗೆ ಯಾರಾದರೂ ಕೆಲಸದ ಬಗ್ಗೆ ಕೇಳಿದರೆ ಸಾಕು, ತಲೆಯಲ್ಲಿದ್ದದ್ದೆಲ್ಲ ಹೊರಗೆ ಬರುತ್ತದೆ. ಪೆಟ್ರೋಲಿನ ಜಾತಿಯ ಒಂದು ದ್ರವ ಉಂಟು, ನೂಲಿಗೆ ಏನೂ ಆಗದೆ ಜಿಡ್ಡು ಬಿಡಿಸುತ್ತದೆ, ಅದಕ್ಕೇ ಜನ ಇದನ್ನು ಪೆಟ್ರೋಲ್ ವಾಶ್ ಎನ್ನುವುದು ಎಂದು ಕಾಲು ಗಂಟೆ ವಿವರಿಸಿದೆ. ಅಜ್ಜ ತಲೆಯಾಡಿಸುತ್ತಾ ಪೂರ್ತಿ ಕೇಳಿದರು. ಆಮೇಲೆ ಕೋಟನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, "ಪೆಟ್ರೋಲ್ ಆದ್ರೆ ಮನೆಯಲ್ಲೇ ಉಂಟು," ಎಂದು ಹೊರಟರು.

ಹದಿನೈದು ದಿನ ಬಿಟ್ಟು ಅದೇ ಚೀಲದೊಂದಿಗೆ ವಾಪಸ್ ಬಂದರು. ಅವರು ಮೆಟ್ಟಿಲು ಹತ್ತುವ ಮೊದಲೇ ವಾಸನೆ ಒಳಗೆ ಬಂತು. ಮನೆಯಲ್ಲಿದ್ದದ್ದು ಹುಲ್ಲು ಕತ್ತರಿಸುವ ಮೆಷಿನಿನ ಪೆಟ್ರೋಲ್. ಅದಕ್ಕೆ ಆಯಿಲ್ ಬೆರೆಸಿಯೇ ಇಟ್ಟಿರುತ್ತಾರೆ. ಅಜ್ಜ ಅದರಲ್ಲಿ ಕೋಟು ಮುಳುಗಿಸಿ, ಒಣಗಿಸಿ, ಹಾಕಿಕೊಂಡು ಮದುವೆಗೂ ಹೋಗಿ ಬಂದಿದ್ದರು.

"ಮದುವೆಯಲ್ಲಿ ಯಾರೂ ಏನೂ ಹೇಳಲಿಲ್ಲವಾ?"

"ಹೇಳ್ಲಿಕ್ಕೆ ಹತ್ತಿರ ಬರಬೇಕಲ್ಲ. ಊಟಕ್ಕೆ ಕೂತಾಗ ಆಚೆ ಎರಡು, ಈಚೆ ಎರಡು ಕುರ್ಚಿ ಖಾಲಿ. ಬೀಡಿ ಸೇದುವವರೆಲ್ಲ ನನ್ನನ್ನು ಕಂಡು ಎದ್ದು ಹೋದರು."

"ಪಾಯಸದ ಕಲೆ ಹೋಯ್ತಾ?"

ಅಜ್ಜ ಕೋಟನ್ನು ಬೆಳಕಿಗೆ ಹಿಡಿದು ನೋಡಿದರು. "ಈಗ ಗೊತ್ತಾಗುದೇ ಇಲ್ಲ. ಕೋಟು ಪೂರಾ ಅದೇ ಬಣ್ಣ ಆಗಿದೆ."

೨. ಹೊಸ ಸೂಟು

ಕಡಬದ ಕಡೆಯ ರಬ್ಬರ್ ತೋಟದ ಕುಟುಂಬದ ಯುವಕನೊಬ್ಬ ಸೂಟು ತಂದ. ಅವರ ಹಿರಿಯರು ಕೇರಳದಿಂದ ಬಂದವರು, ಚರ್ಚಿನಲ್ಲಿ ಮದುವೆ. ಜೊತೆಗೆ ಹುಡುಗಿಯ ತಂದೆ, ಅಂದರೆ ಆಗಲಿದ್ದ ಮಾವ, ಕೊಡೆ ಹಿಡಿದುಕೊಂಡು ನಿಂತಿದ್ದರು.

"ಹೊಸ ಸೂಟು ಚೇಟ್ಟಾ. ಮಂಗಳೂರಲ್ಲಿ ಹೊಲಿಸಿದ್ದು. ಸ್ವಲ್ಪ ಧೂಳು ಮಾತ್ರ," ಎಂದ ಯುವಕ, ಮಾವನಿಗೂ ಕೇಳುವ ಹಾಗೆ.

ನಮ್ಮಲ್ಲಿ ಬಟ್ಟೆ ಅದಲು ಬದಲು ಆಗಬಾರದೆಂದು ಒಳಗಡೆ ನಂಬರ್ ಬರೆದ ಸಣ್ಣ ಬಟ್ಟೆಯ ತುಂಡು ಹೊಲಿಯುತ್ತೇವೆ. ಮನೆಗೆ ಹೋದ ಮೇಲೆ ಅದನ್ನು ಬಿಚ್ಚುವ ಪುರುಸೊತ್ತು ಯಾರಿಗೂ ಇರುವುದಿಲ್ಲ. ನಾನು ಕೋಟಿನ ಒಳಮೈ ತಿರುಗಿಸಿದೆ. ಸಾಲಾಗಿ ಆರು ತುಂಡು, ಆರರಲ್ಲೂ ನನ್ನದೇ ಅಕ್ಷರ. ಅಣ್ಣತಮ್ಮಂದಿರು, ಚಿಕ್ಕಪ್ಪನ ಮಕ್ಕಳು ಎಲ್ಲರೂ ಇದೇ ಸೂಟಿನಲ್ಲಿ ಮದುವೆಯಾಗಿದ್ದರು. ನಾನು ಯುವಕನ ಮುಖ ನೋಡಿದೆ. ಅವನು ಫ್ಯಾನ್ ನೋಡಿದ.

"ಒಳ್ಳೆ ಬಟ್ಟೆ. ತುಂಬ ಬಾಳಿಕೆ ಬರ್ತದೆ," ಎಂದೆ.

"ನೋಡಿದ ಕೂಡಲೇ ಗೊತ್ತಾಗ್ತದಾ ನಿಮಗೆ?" ಎಂದರು ಮಾವ.

"ಅನುಭವ," ಎಂದೆ.

ಇಬ್ಬರೂ ಹೊರಟರು. ಎರಡು ನಿಮಿಷದಲ್ಲಿ ಮಾವ ಒಬ್ಬರೇ ವಾಪಸ್ ಬಂದರು, ಮರೆತ ಕೊಡೆಗೆಂದು. ಕೊಡೆ ಕೈಯಲ್ಲೇ ಇತ್ತು. ಮೇಜಿನ ಮೇಲೆ ಬಗ್ಗಿ ಮೆಲ್ಲ ಹೇಳಿದರು: "ಆ ಒಳಗಿನ ಚೀಟಿ ನಾನೂ ನೋಡಿದೆ. ಮದುವೆ ಆದ ಮೇಲೆ ಸೂಟು ಇಲ್ಲಿಗೇ ಬರ್ತದಲ್ಲ? ಬಂದ್ರೆ ನಂಗೊಂದು ಫೋನ್ ಮಾಡಿ. ನನ್ನ ಮಗನದ್ದೂ ಅದೇ ಅಳತೆ."

೩. ಸುಳ್ಯದ ಜ್ಯೂಸು

ಸುಳ್ಯದಲ್ಲಿ ನನ್ನ ಹಾಗೆಯೇ ಒಬ್ಬನಿದ್ದ. ಮೊದಲು ನಾವಿಬ್ಬರೂ ಹಾವು ಮುಂಗುಸಿ. ಎರಡು ಊರಲ್ಲೂ ಗಿರಾಕಿ ಇಲ್ಲದಾದ ಮೇಲೆ ಗೆಳೆಯರಾದೆವು. ಕಡೆಗೆ ಅವನು ಮೆಷಿನ್ ಮಾರಿ ಅದೇ ಜಾಗದಲ್ಲಿ ಜ್ಯೂಸ್ ಅಂಗಡಿ ಹಾಕಿದ. ಆದರೂ ಕಲ್ಲುಗುಂಡಿ ಕಡೆಯ ಹಳೆಯ ಗಿರಾಕಿಗಳು ಅಭ್ಯಾಸಬಲದಿಂದ ಅವನಲ್ಲಿಗೇ ಬಟ್ಟೆ ತರುತ್ತಿದ್ದರು. ಅವನು ಅದನ್ನು ಕಟ್ಟಿ ಬಸ್ಸಿನಲ್ಲಿ ನನಗೆ ಕಳಿಸುತ್ತಿದ್ದ.

ಒಂದು ದಿನ ಅಲ್ಲಿ ಕೂತು ಕಲ್ಲಂಗಡಿ ಜ್ಯೂಸ್ ಕುಡಿಯುತ್ತಿದ್ದವರೊಬ್ಬರು ಬಿಳಿ ಅಂಗಿಯ ಮೇಲೆ ಅರ್ಧ ಗ್ಲಾಸ್ ಚೆಲ್ಲಿಕೊಂಡರು. ಕಲೆ ಕಂಡದ್ದೇ ನನ್ನ ಗೆಳೆಯನಿಗೆ ತಾನು ಜ್ಯೂಸಿನವನೆಂದು ಮರೆತುಹೋಯಿತು. "ಬಿಚ್ಚಿ, ಬಿಚ್ಚಿ, ಒಣಗಿದ್ರೆ ಹೋಗುದಿಲ್ಲ," ಎಂದು ಅಂಗಿ ಬಿಚ್ಚಿಸಿ, ಅದನ್ನು ಪುತ್ತೂರಿಗೆ ಕಳಿಸುವ ಬಟ್ಟೆಯ ಗಂಟಿನಲ್ಲಿ ಸೇರಿಸಿ ಹೊರಟುನಿಂತ ಬಸ್ಸಿಗೆ ಕೊಟ್ಟೇಬಿಟ್ಟ. ವಾಪಸ್ ಬಂದು ಚೀಟಿ ಬರೆದು ಅವರ ಕೈಗಿಟ್ಟ: ಗುರುವಾರ ಬನ್ನಿ.

ಅವರು ಬನಿಯನಿನಲ್ಲಿ ಕೂತು ಚೀಟಿ ಓದಿದರು. ಅಂದು ಸೋಮವಾರ.

"ಹಾಗಾದ್ರೆ ಇನ್ನೊಂದು ಜ್ಯೂಸ್ ಕೊಡಿ ಮಾರಾಯ್ರೆ," ಎಂದರು. "ಗುರುವಾರದವರೆಗೆ ಇಲ್ಲೇ ಕೂರಬೇಕಲ್ಲ."

೪. ಎರಡು ಸೀರೆ

ಇದು ನನ್ನ ಕಣ್ಣು ತೆರೆಸಿದ ಪ್ರಸಂಗ, ಆದರೆ ಆಗ ಪೂರ್ತಿ ತೆರೆಯಲಿಲ್ಲ.

ಪುತ್ತೂರಿನ ಟೀಚರೊಬ್ಬರು ರೇಷ್ಮೆ ಸೀರೆ ಕೊಟ್ಟಿದ್ದರು. ಕೊಂಡುಹೋಗಲು ಬರಲೇ ಇಲ್ಲ. ರಸ್ತೆಯಲ್ಲಿ ಸಿಕ್ಕಾಗ, "ಸೀರೆ ಆಗಿದೆ ಟೀಚರ್," ಎಂದೆ. ಅವರು ಆಚೀಚೆ ನೋಡಿ, "ಆಗಿದೆ ಅಂತ ಹೇಳ್ಬೇಡಿ! ಮುಂದಿನ ವಾರ ನಮ್ಮ ನಾದಿನಿಗೆ ಒಂದು ಮದುವೆಗೆ ಹೋಗ್ಲಿಕ್ಕುಂಟು. ಸೀರೆ ಕೇಳ್ತಾಳೆ. ಕೊಡುದಿಲ್ಲ ಅಂತ ಹೇಳ್ಲಿಕ್ಕೆ ಆಗ್ತದಾ, ಸಂಬಂಧ ಅಲ್ವಾ? ಅವಳು ಬಂದ್ರೆ ಕಲೆ ಹೋಗ್ಲಿಲ್ಲ ಅಂತ ಹೇಳಿ," ಎಂದರು.

ನನಗೆ ಸಿಟ್ಟು ಬಂತು. ಹಲಸಿನ ಮೇಣ, ಅಡಿಕೆಯ ಚೊಗರು, ಬಾಳೆಯ ರಸ, ನನ್ನ ಕೈಗೆ ಬಗ್ಗದ ಕಲೆ ಇಲ್ಲ. ನನ್ನ ಬಾಯಲ್ಲೇ ಕಲೆ ಹೋಗಲಿಲ್ಲ ಎಂದು ಹೇಳಿಸುವುದೆಂದರೆ? ಆದರೂ ಹಳೆಯ ಗಿರಾಕಿ. ನಾದಿನಿ ಬಂದಾಗ ಹೇಳಿದೆ: "ಹಲಸಿನ ಮೇಣ ಅಕ್ಕಾ, ಇನ್ನೂ ಹೋಗಲಿಲ್ಲ."

ಅವರು ಬೇಸರ ಮಾಡಿಕೊಳ್ಳಲಿಲ್ಲ. ಚೀಲದಿಂದ ಇನ್ನೊಂದು ರೇಷ್ಮೆ ಸೀರೆ ತೆಗೆದು ಮೇಜಿನ ಮೇಲಿಟ್ಟರು.

"ಇದನ್ನೂ ಅಲ್ಲೇ ನೇತು ಹಾಕಿ. ಬರುವ ತಿಂಗಳು ನಮ್ಮ ಅತ್ತಿಗೆ ಇದನ್ನು ಕೇಳ್ಲಿಕ್ಕೆ ಬರ್ತಾರೆ. ಕಲೆ ಹೋಗ್ಲಿಲ್ಲ ಅಂತ ಹೇಳಿ."

"ಎಂತ ಕಲೆ ಹೇಳುದು?"

"ಹಲಸಿನದ್ದು ಅವರಿಗೆ ಆಯ್ತಲ್ಲ," ಎಂದರು ನಾದಿನಿ. "ನನಗೆ ಗೇರುಹಣ್ಣಿಂದು ಹಾಕಿ."

೫. ನೋಟೀಸು

ಮೊನ್ನೆ ಕಟ್ಟಡದ ಯಜಮಾನರು ಬಂದು, ಇಲ್ಲಿ ಐಸ್ ಕ್ರೀಮ್ ಪಾರ್ಲರ್ ಮಾಡುವವರು ಕೇಳುತ್ತಿದ್ದಾರೆ, ನೀವು ಹೇಗೂ ಸುಮ್ಮನೆ ಕೂತಿದ್ದೀರಿ, ಬಿಟ್ಟುಕೊಡುತ್ತೀರಾ ಎಂದರು. ಸುಮ್ಮನೆ ಕೂತಿದ್ದೀರಿ ಎಂದದ್ದು ಚುಚ್ಚಿತು, ಯಾಕೆಂದರೆ ನಾನು ಸುಮ್ಮನೆ ಕೂತಿದ್ದೆ. ಸರಿ ಎಂದೆ. 'ಅಂಗಡಿ ಮುಚ್ಚಲಿದೆ, ನಿಮ್ಮ ನಿಮ್ಮ ಬಟ್ಟೆ ಕೊಂಡುಹೋಗಿ' ಎಂದು ಬರೆದು ಬಾಗಿಲಿಗೆ ಅಂಟಿಸಿದೆ.

ಒಳಗೊಳಗೆ ಒಂದು ಆಸೆ ಇತ್ತು, ಮುಚ್ಚಿಟ್ಟು ಪ್ರಯೋಜನವಿಲ್ಲ. ಯಾರಾದರೂ ಒಬ್ಬರು ಬಂದು, ನೀವಿಲ್ಲದಿದ್ದರೆ ನಮ್ಮ ಬಟ್ಟೆಯ ಗತಿ ಏನು ಎನ್ನಬೇಕು. ಇಪ್ಪತ್ತೆಂಟು ವರ್ಷದ ಕೈಕೆಲಸಕ್ಕೆ ಅಷ್ಟು ಮರ್ಯಾದೆ ಸಿಕ್ಕಿದರೆ ಸಾಕಿತ್ತು.

ಮೊದಲ ದಿನ ಒಬ್ಬರು ನೋಟೀಸನ್ನು ಅಕ್ಷರ ಅಕ್ಷರ ಓದಿದರು. ನಾನು ಎದ್ದು ಅಂಗಿ ಸರಿಮಾಡಿಕೊಂಡೆ. ಒಳಗೆ ಬಂದು, "ಆ ಗೋಡೆಗಡಿಯಾರ ಕೊಡುದುಂಟಾ?" ಎಂದು ಕೇಳಿದರು. ಎರಡನೆಯ ದಿನ ಇನ್ನೊಬ್ಬರು ಐಸ್ ಕ್ರೀಮ್ ಯಾವಾಗ ಶುರು ಎಂದು ವಿಚಾರಿಸಿದರು. ಮೂರನೆಯ ದಿನ ಯಾರೂ ಬರಲಿಲ್ಲ. ನನಗೆ ನಿಜವಾಗಿ ದುಃಖವಾಯಿತು.

ನಾಲ್ಕನೆಯ ದಿನ ಹತ್ತು ಹನ್ನೆರಡು ಮಂದಿ ಹೆಂಗಸರು ಒಟ್ಟಾಗಿ ಬಂದರು. ಟೀಚರ್ ಒಂದು ತುದಿಯಲ್ಲಿ, ಅವರ ನಾದಿನಿ ಇನ್ನೊಂದು ತುದಿಯಲ್ಲಿ. ಎಲ್ಲರ ಮುಂದೆ ಕಟ್ಟಡದ ಯಜಮಾನರ ಹೆಂಡತಿ.

"ಅಂಗಡಿ ಮುಚ್ಚಬಾರದು," ಎಂದರು ಅವರು. "ನಮ್ಮವರಿಗೆ ನಾನು ಹೇಳಿ ಆಗಿದೆ. ಐಸ್ ಕ್ರೀಮ್ ಬೇರೆ ಕಡೆ ಮಾಡ್ತಾರೆ."

ನನ್ನ ಕಣ್ಣು ತುಂಬಿತು. "ಮುಚ್ಚದೆ ಎಂತ ಮಾಡ್ಲಿ ಅಮ್ಮ? ಈಗ ಯಾರು ಬಟ್ಟೆ ಕೊಡ್ತಾರೆ? ನಾನು ಒಗೆಯುದು ಏನನ್ನು?" ಎಂದೆ.

"ಅಯ್ಯೋ, ಒಗೆಯುದು ಯಾರಿಗೆ ಬೇಕು ಮಾರಾಯ್ರೆ! ನೀವು ಬೋರ್ಡ್ ತೆಗೆಯಬೇಡಿ, ಅಷ್ಟೆ. ನಾಳೆ ಯಾರಾದ್ರೂ ಸೀರೆ ಕೇಳಿದ್ರೆ ಎಲ್ಲಿಗೆ ಕೊಟ್ಟಿದ್ದೇನೆ ಅಂತ ಹೇಳುದು? ಐಸ್ ಕ್ರೀಮ್ ಅಂಗಡಿಗಾ?"

ಎಲ್ಲರೂ ಹೌದು ಹೌದು ಎಂದರು. ನಾನು ನೆನಪು ಮಾಡಿಕೊಂಡು ನೋಡಿದೆ. "ಅಮ್ಮ, ನಿಮ್ಮ ಸೀರೆ ನನ್ನಲ್ಲಿಗೆ ಬಂದದ್ದೇ ಇಲ್ಲವಲ್ಲ?"

"ಬರಲೇಬೇಕು ಅಂತ ಉಂಟಾ?" ಎಂದರು ಅವರು.

೬. ಅಕ್ಕನ ಫೋನು

ನನಗೆ ತಡೆಯಲಾರದ ಸಿಟ್ಟು. ಬರೇ ಬೋರ್ಡಿಗೋಸ್ಕರ ಅಂಗಡಿ ಇಡುವಷ್ಟು ಕೆಟ್ಟಿಲ್ಲ, ಮುಚ್ಚುವುದೇ ಸೈ ಎಂದು ತೀರ್ಮಾನಿಸಿ ಮನೆಗೆ ಬಂದೆ. ಹೆಂಡತಿಗೆ ಎಲ್ಲ ಹೇಳಿದೆ. ಬಿದ್ದು ಬಿದ್ದು ನಗುತ್ತಾಳೆ ಎಂದುಕೊಂಡಿದ್ದೆ. ಅವಳು ನಗಲಿಲ್ಲ.

"ಅವರು ಹೇಳಿದ್ದರಲ್ಲಿ ತಪ್ಪೆಂತ ಉಂಟು?" ಎಂದಳು.

ಅಷ್ಟರಲ್ಲಿ ಆಲಂಕಾರಿನಿಂದ ಅಕ್ಕನ ಫೋನ್ ಬಂತು.

"ಅಂಗಡಿ ಮುಚ್ತಿಯಂತೆ? ಒಳ್ಳೇದಾಯ್ತು. ಹಾಗಾದ್ರೆ ನಿನ್ನ ಹೆಂಡತಿಯ ಆ ನವಿಲು ಬಣ್ಣದ ಧಾರೆ ಸೀರೆ ಇನ್ನಾದ್ರೂ ಹೊರಗೆ ಬರ್ತದಲ್ಲ."

"ಯಾವ ಸೀರೆ?"

"ನೀನು ಅಂಗಡಿ ಹಾಕಿದ ವಾರ ಒಗೆಯಲಿಕ್ಕೆ ಕೊಟ್ಟದ್ದಂತೆ. ನನ್ನ ಮಗಳ ಮದುವೆಗೆ ಕೇಳಿದೆ, ಕಲೆ ಹೋಗ್ಲಿಲ್ಲ ಅಂದಳು. ಮೊಮ್ಮಗನ ನಾಮಕರಣಕ್ಕೆ ಕೇಳಿದೆ, ಇನ್ನೂ ಹೋಗ್ಲಿಲ್ಲ ಅಂದಳು. ನಾನೇನೂ ಬೇಜಾರು ಮಾಡಿಕೊಳ್ಳಲಿಲ್ಲ ಮಾರಾಯ. ನನ್ನ ತಮ್ಮನ ಕೈ ಬಹಳ ನಿಧಾನ, ಅವನಿಗೆ ಒಂದು ಸೀರೆಗೆ ಇಪ್ಪತ್ತೆಂಟು ವರ್ಷ ಬೇಕು ಅಂತ ಇಲ್ಲಿ ಎಲ್ಲರಿಗೂ ಹೇಳಿದ್ದೇನೆ, ಅಷ್ಟೆ."

ಆಲಂಕಾರಿನಿಂದ ಒಂದು ಕರವಸ್ತ್ರವೂ ಬಾರದ ಕಾರಣ ಆ ಕ್ಷಣದಲ್ಲಿ ನನಗೆ ತಿಳಿಯಿತು. ನಾನು ಹೆಂಡತಿಯ ಕಡೆ ತಿರುಗಿದೆ. ಅವಳು ಕಪಾಟಿಗೆ ಬೆನ್ನು ಕೊಟ್ಟು ನಿಂತಿದ್ದಳು. ಕೀಲಿಕೈ ಸೆರಗಿನ ತುದಿಯಲ್ಲಿ ಗಂಟು ಹಾಕಿತ್ತು. ಅಂಗಡಿ ಹಾಕಿದ ದಿನದಿಂದ ನನ್ನ ಬೋರ್ಡಿನ ಮೇಲೆ ಇಷ್ಟು ಭರವಸೆ ಇಟ್ಟವರು ಈ ಊರಲ್ಲಿ ಬೇರೆ ಯಾರೂ ಇರಲಿಲ್ಲ.

"ಹಾಗಾದ್ರೆ ಯಾವಾಗ ಮುಚ್ಚುದು?" ಎಂದಳು ಅಕ್ಕ.

"ಮುಚ್ಚುದಿಲ್ಲ ಅಕ್ಕಾ," ಎಂದೆ. "ಆ ಸೀರೆಯ ಕಲೆ ಹೋಗುವವರೆಗೆ ಅಂಗಡಿ ಉಂಟು."